ಕುಂಟದ ಕುರಿ

ನನಗೆ ಹೆದರಿಕೆಯಾದರೆ ಬಾಯಿ ಜೋರಾಗುತ್ತದೆ. ಇದು ಮನೆಯವರಿಗೆ ಗೊತ್ತು, ನಮ್ಮ ಪಶು ಆಸ್ಪತ್ರೆಯವರಿಗೂ ಗೊತ್ತು. ಆ ದಿನ ಬೆಳಿಗ್ಗೆ ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವ ರಸ್ತೆಯ ಪಕ್ಕ, ಕೊಯ್ಲಾದ ಗದ್ದೆಯಲ್ಲಿ ನಿಂತು ನಾನು ಕೂಗಾಡಿದ್ದಕ್ಕೆ ದಾರಿಹೋಕರು ಬೈಕು ನಿಲ್ಲಿಸಿ ನೋಡಿದರು.

"ಚಾಕು ಕೆಳಗಿಡ್ರಿ. ಮೊದಲು ಕೆಳಗಿಡ್ರಿ. ಸುಲೀರಿ ಅಂತ ಯಾರು ಹೇಳಿದ್ದು ನಿಮಗೆ?"

ಮಂದೆಯ ಯಜಮಾನ ಸತ್ತ ಕುರಿಯ ಹಿಂಗಾಲು ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದ. ನನ್ನ ದನಿಗೆ ಬೆಚ್ಚಿ ಎದ್ದುನಿಂತ. ಕುರಿಯ ಮೂಗಿನಿಂದಲೂ ಹಿಂಭಾಗದಿಂದಲೂ ಕಪ್ಪು ರಕ್ತ ಸೋರಿ ಭತ್ತದ ಕೂಳೆಯ ಮೇಲೆ ಹರಡಿತ್ತು. ಸತ್ತು ಬಹಳ ಹೊತ್ತಾಗಿದ್ದರೂ ಅದು ಹೆಪ್ಪುಗಟ್ಟಿರಲಿಲ್ಲ.

ನಾನು ಆ ಭಾಗದ ಪಶುವೈದ್ಯೆ. ಭತ್ತದ ಕೊಯ್ಲು ಮುಗಿಯುತ್ತಿದ್ದಂತೆ ಜಗಳೂರು ಸೀಮೆಯಿಂದ ಕುರಿ ಮಂದೆಗಳು ನಮ್ಮ ಕಡೆ ಬರುತ್ತವೆ. ಗೊಬ್ಬರಕ್ಕಾಗಿ ರೈತರು ಅವನ್ನು ತಮ್ಮ ಹೊಲದಲ್ಲಿ ಕೆಲವು ದಿನ ಕೂಡಿಸಿಕೊಳ್ಳುತ್ತಾರೆ. ಕುರಿ ತರುಬುವುದು ಅಂತ ಇದಕ್ಕೆ ಹೆಸರು. ಒಂದು ಹೊಲ ಮುಗಿದರೆ ಮುಂದಿನ ಹೊಲ, ಹೊನ್ನಾಳಿ ಆಯಿತೆಂದರೆ ನ್ಯಾಮತಿ, ಆಮೇಲೆ ಚನ್ನಗಿರಿ ಕಡೆ. ಈ ಮಂದೆ ಬಿಳಿಚೋಡಿನ ಹತ್ತಿರದ್ದು. ಗಂಡ, ಹೆಂಡತಿ, ಎರಡು ನಾಯಿ, ಇನ್ನೂರರ ಮೇಲಿದ್ದ ಕುರಿಗಳು. ಗಂಡನಿಗೆ ಮಂಡಿನೋವು. ಹಾಗಾಗಿ ಮಂದೆ ನಡೆಸುವುದು, ಔಷಧಿ, ಉಪಚಾರ ಎಲ್ಲ ಹೆಂಡತಿಯದೇ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು, ನಾನು ಅಕ್ಕ ಎನ್ನುತ್ತಿದ್ದೆ.

"ಅಕ್ಕ, ಇದೊಂದೇನಾ ಸತ್ತಿದ್ದು?"

ಅಕ್ಕ ಗಂಡನ ಮುಖ ನೋಡಿದರು. "ಮೊನ್ನೆ ಇನ್ನೊಂದು ಹೋತು ಡಾಕ್ಟ್ರಮ್ಮ. ಹಸಿ ಮೇವು ತಿಂದು ಹೊಟ್ಟಿ ಉಬ್ಬಿ ಸತ್ತೈತೆ ಅಂದ್ಕಂಡ್ವಿ."

"ಅದನ್ನ ಏನು ಮಾಡಿದಿರಿ?"

ಇಬ್ಬರ ಕಣ್ಣೂ ಒಲೆಯ ಕಡೆ ಹೋಯಿತು. ಒಲೆಯ ಪಕ್ಕ ತೊಳೆದು ಬೋರಲು ಹಾಕಿದ್ದ ದೊಡ್ಡ ಪಾತ್ರೆ ಕಣ್ಣಿಗೆ ಬಿತ್ತು. ಬೇಯಿಸಿ ತಿಂದಿದ್ದರು, ಕೇಳುವ ಅಗತ್ಯವಿರಲಿಲ್ಲ.

ನಾನು ಎರಡು ಜೊತೆ ಕೈಗವಸು ಒಂದರ ಮೇಲೊಂದು ಹಾಕಿಕೊಂಡೆ. ಇಂಥ ಹೆಣವನ್ನು ಕೊಯ್ಯುವಂತಿಲ್ಲ. ಕೊಯ್ದರೆ ಒಳಗಿನ ರೋಗಾಣು ಗಾಳಿಗೆ ಬಂದು ಗಟ್ಟಿ ಕವಚ ತೊಟ್ಟುಕೊಳ್ಳುತ್ತದೆ, ಆಮೇಲೆ ಮಣ್ಣಿನಲ್ಲಿ ಎಷ್ಟು ವರ್ಷವಾದರೂ ಸಾಯದೆ ಬಿದ್ದಿರುತ್ತದೆ. ಕಿವಿಯ ತುದಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಎಳೆದುಕೊಂಡೆ. ಚುಚ್ಚಿದ ಜಾಗಕ್ಕೆ ಔಷಧಿಯಲ್ಲಿ ಅದ್ದಿದ ಹತ್ತಿ ಒತ್ತಿ ಕಟ್ಟಿದೆ. ಹೆಣದ ಮೇಲೆ ಗೋಣಿಚೀಲ ಹೊದಿಸಿ, ನಾಯಿಗಳನ್ನು ಕಟ್ಟಿಹಾಕಿಸಿ ಆಸ್ಪತ್ರೆಗೆ ಓಡಿದೆ.

ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ನನಗೆ ಬೇಡವಾಗಿದ್ದದ್ದೇ ಕಂಡಿತು. ಗಿಡ್ಡ ನೀಲಿ ಕಡ್ಡಿಗಳು ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ನಿಂತಿದ್ದವು. ಪ್ರತಿ ಕಡ್ಡಿಯ ಸುತ್ತ ತೆಳು ಗುಲಾಬಿ ಪೊರೆ. ನೆರಡಿ ರೋಗ, ಓದಿದವರು ಆಂಥ್ರಾಕ್ಸ್ ಅನ್ನುವುದು ಇದಕ್ಕೇ. ಕುರಿಯಿಂದ ಮನುಷ್ಯನಿಗೂ ಬರುತ್ತದೆ. ನಾನು ಕಣ್ಣು ತೆಗೆದು, ಒರೆಸಿಕೊಂಡು, ಮತ್ತೆ ನೋಡಿದೆ. ಪೊರೆ ಅಲ್ಲೇ ಇತ್ತು.

ಮೇಲಧಿಕಾರಿಗೆ ಫೋನು ಮಾಡಿ, ಮಾದರಿಯನ್ನು ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿ, ದಂಪತಿಯನ್ನು ನಮ್ಮ ಜೀಪಿನಲ್ಲೇ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ವೈದ್ಯರು ಇಬ್ಬರ ಕೈ, ಮೊಣಕೈ, ಕುತ್ತಿಗೆ ತಿರುಗಿಸಿ ತಿರುಗಿಸಿ ನೋಡಿದರು. ಸದ್ಯಕ್ಕೆ ಏನೂ ಇರಲಿಲ್ಲ. ಆದರೂ ಅಕ್ಕನ ಹೆಬ್ಬೆರಳಲ್ಲಿ ಹಳೆಯದೊಂದು ಗೀರು ಕಂಡು ಅವರ ಹುಬ್ಬು ಗಂಟಾಯಿತು. ಇಬ್ಬರಿಗೂ ಆಂಟಿಬಯೋಟಿಕ್ ಗುಳಿಗೆ ಬರೆದುಕೊಟ್ಟು, "ಒಂದು ಹೊತ್ತೂ ತಪ್ಪಿಸಬೇಡಿ, ಚರ್ಮದ ಮೇಲೆ ಗುಳ್ಳೆ ಎದ್ದು ಕಪ್ಪಾದರೆ ಓಡಿ ಬನ್ನಿ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನಿಮಗೂ ಬರೀತೀನಿ ಮೇಡಂ" ಅಂದರು. ಆವತ್ತಿನಿಂದ ಬೆಳಿಗ್ಗೆ ಎದ್ದರೆ ನಾನು ದೇವರ ಪಟ ನೋಡುವ ಮೊದಲು ನನ್ನ ಕೈ ನೋಡಿಕೊಳ್ಳುತ್ತಿದ್ದೆ.

ಗದ್ದೆಗೆ ವಾಪಸು ಬರುವಷ್ಟರಲ್ಲಿ ಇನ್ನೂ ಎರಡು ಕುರಿ ಉರುಳಿದ್ದವು. ಗದ್ದೆಯ ಯಜಮಾನರು, ಅಡಿಕೆ ವ್ಯಾಪಾರವೂ ಇರುವ ಹಿರಿಯರು, ಬದುವಿನ ಮೇಲೆ ನಿಂತಿದ್ದರು. ಸುದ್ದಿ ಆಗಲೇ ಊರೆಲ್ಲ ಸುತ್ತಿ ಬಂದಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನಕ್ಕೆ ಕೊರತೆಯೇ ಇಲ್ಲ.

"ಮೊನ್ನೆ ಮೊನ್ನೆ ಈ ರೋಗಕ್ಕೇ ಅಂತ ನೀವೇ ಲಸಿಕೆ ಹಾಕಿದ್ರಲ್ಲ ಮೇಡಂ. ಈಗ ಅದೇ ರೋಗ ಬಂದೈತೆ ಅಂತೀರಿ. ಬೇಲಿನೇ ಎದ್ದು ಹೊಲ ಮೇದ್ರೆ ಹೆಂಗೆ?" ಅಂದರು.

ನನ್ನನ್ನು ಒಳಗೊಳಗೇ ಕೊರೆಯುತ್ತಿದ್ದ ಮಾತನ್ನೇ ಅವರು ಆಡಿದ್ದರು. ಹೌದು, ಮೂರು ವಾರದ ಹಿಂದೆ, ಈ ಮಂದೆ ಹೊನ್ನಾಳಿ ದಾಟಿ ಬಂದ ವಾರದಲ್ಲೇ ನಾನೇ ಕೈಯಾರೆ ಪ್ರತಿ ಕುರಿಯ ತೊಡೆ ಸಂದಿಗೆ ನೆರಡಿ ಲಸಿಕೆ ಚುಚ್ಚಿದ್ದೆ. ಲಸಿಕೆ ಕೆಟ್ಟಿತ್ತೇ? ಕರೆಂಟು ಹೋದಾಗ ಫ್ರಿಜ್ಜು ಬೆಚ್ಚಗಾಗಿತ್ತೇ? ಸೀಸೆ ಸರಿಯಾಗಿ ಅಲುಗಾಡಿಸದೆ ಬರೀ ನೀರು ಚುಚ್ಚಿದೆನೇ? ಆದರೂ ಬಾಯಿ ಸುಮ್ಮನಿರಬೇಕಲ್ಲ. "ಲಸಿಕೆಯಿಂದ ರೋಗ ಬಂದಿಲ್ಲ ಸ್ವಾಮಿ, ಗೊತ್ತಿಲ್ಲದ್ದು ಮಾತಾಡಬೇಡಿ. ಮೊದಲು ಒಂದು ಜೆಸಿಬಿ ತರಿಸಿ" ಅಂತ ಅವರನ್ನೇ ಗದರಿದೆ. ಪಾಪ, ತರಿಸಿದರು. ಆಳೆತ್ತರ ಮೀರಿ ಗುಂಡಿ ತೋಡಿಸಿ, ಸುಣ್ಣ ಸುರಿದು, ಹೆಣಗಳ ಜೊತೆ ರಕ್ತ ಬಿದ್ದ ಮಣ್ಣನ್ನೂ ಕೆರೆದು ಹಾಕಿ, ಮೇಲೆ ಮತ್ತೆ ಸುಣ್ಣ ಹಾಕಿ ಮುಚ್ಚಿದೆವು.

ಕೆಲಸ ಮುಗಿಯುತ್ತಿದ್ದಂತೆ ಉಳಿದ ಮಂದೆಗಳವರಿಗೆ ಫೋನು ಹಚ್ಚಿದೆ. ಅದೇ ಪೆಟ್ಟಿಗೆಯ ಸೀಸೆಗಳಿಂದ ಅದೇ ವಾರ ಲಸಿಕೆ ಹಾಕಿಸಿಕೊಂಡ ಒಂದು ಮಂದೆ ಈ ಗದ್ದೆಗೆ ತಗುಲಿದ ಕಾಲುವೆ ಏರಿಯಲ್ಲೇ ಮೇದು ಚನ್ನಗಿರಿಯ ನಲ್ಲೂರು ಸೇರಿತ್ತು. ಅವರದ್ದು ಒಂದು ಕುರಿಯೂ ಸತ್ತಿರಲಿಲ್ಲ. "ಆದ್ರೆ ನಿಮ್ಮ ಸೂಜಿ ಹಾಕಿದ ಮ್ಯಾಲೆ ಎರಡು ದಿನ ಕುಂಟಿ ಕುಂಟಿ ಜೀವ ತಿಂದ್ವು ನೋಡ್ರಿ. ದಾರಿ ಸಾಗ್ಲಿಲ್ಲ" ಅಂತ ಆ ಕುರಿಗಾರ ದೂರಿದ.

ನಾನು ಫೋನು ಇಟ್ಟು ನಿಂತಲ್ಲೇ ನಿಂತೆ. ಕುಂಟುವುದು ಸರಿಯೇ. ಲಸಿಕೆ ಬಿದ್ದ ಜಾಗ ಊದುತ್ತದೆ, ಮೈ ಬಿಸಿಯಾಗುತ್ತದೆ, ಎರಡು ದಿನಕ್ಕೆ ಇಳಿಯುತ್ತದೆ. ಆದರೆ ಅಕ್ಕನ ಮಂದೆಯನ್ನು ಲಸಿಕೆ ಹಾಕಿದ ಮರುದಿನವೇ ನಾನು ರಸ್ತೆಯಲ್ಲಿ ಕಂಡಿದ್ದೆ. ದಡದಡ ಅಂತ ನಡೆದು ಹೋಗುತ್ತಿತ್ತು. ಕುರಿ ಎಷ್ಟು ಗಟ್ಟಿ ಅಂತ ಹೊಗಳಿಯೂ ಇದ್ದೆ.

"ಅಕ್ಕ, ಆವತ್ತು ನಾನು ಲಸಿಕೆ ಹಾಕಿ ಹೋದ ಮೇಲೆ ನೀವು ಏನಾದರೂ ಹಾಕಿದಿರಾ?"

"ಹ್ಞೂಂ ಮತ್ತೆ. ಸಂಜಿಗೇ ಹಾಕಿದ್ವಿ" ಅಂದರು, ಅದರಲ್ಲೇನಿದೆ ಎನ್ನುವ ಹಾಗೆ. ಕಂಬಳಿ ಗಂಟು ಬಿಚ್ಚಿ ಕಂದು ಸೀಸೆ ತೆಗೆದು ತೋರಿಸಿದರು. ಟೆಟ್ರಾಸೈಕ್ಲಿನ್, ರೋಗಾಣು ಕೊಲ್ಲುವ ಆಂಟಿಬಯೋಟಿಕ್. ಅದೂ ಮೈಯಲ್ಲಿ ದಿನಗಟ್ಟಲೆ ನಿಲ್ಲುವ ಜಾತಿಯದು. "ನಿಮ್ಮ ಸೂಜಿ ಬಿದ್ರೆ ಜ್ವರ ಬರ್ತಾವೆ, ಕುಂಟ್ತಾವೆ. ಮರುದಿನ ಇನ್ನೊಬ್ರ ಹೊಲಕ್ಕೆ ಹೋಗಾಕೆ ಮಾತು ಕೊಟ್ಟಿರ್ತೀವಿ. ಕುಂಟೋ ಕುರಿ ಹೊಡ್ಕಂಡು ಹೆಂಗೆ ಹೋಗೋದು? ಅದಕ್ಕೇ ಲಸಿಕಿ ಹಾಕಿದ ದಿನ ಸಂಜಿಗೆ ಎಲ್ಲಾದಕ್ಕೂ ಇದನ್ನ ಹಾಕಿಬಿಡ್ತೀವಿ. ನಮ್ಮತ್ತಿ ಕಾಲದಿಂದಾನೂ ಹಂಗೇ. ನನ್ನ ಮಂದಿಯಾಗೆ ಒಂದು ಕುರಿನೂ ಕುಂಟಾಂಗಿಲ್ಲ."

ಹೇಳುವಾಗ ದನಿಯಲ್ಲಿ ಹೆಮ್ಮೆಯಿತ್ತು. ನನಗೆ ಬೈಯಲೂ ಬಾಯಿ ಬರಲಿಲ್ಲ. ಇನ್ನೂರು ಕುರಿಗಳ ಕಾಲು ನೋಯಬಾರದು ಅಂತ ಒಂದೊಂದನ್ನೇ ಹಿಡಿದು ಸೂಜಿ ಹಾಕಿದ್ದರು. ಅಸಡ್ಡೆ ಮಾಡುವವರು ಇಷ್ಟು ಕಷ್ಟಪಡುತ್ತಾರೆಯೇ?

ನಾನು ಬದುವಿನ ಮೇಲೆ ಕೂತು, ಕೂತುಕೊಳ್ಳಿ ಅಂದೆ.

"ಅಕ್ಕ, ನಿಮ್ಮ ನಾಯಿ ತೋಳ ಕಂಡರೆ ಬೊಗಳ್ತಾವೆ. ಹುಟ್ಟಿದಾಗಲೇ ಬರ್ತಿತ್ತಾ ಅದು?"

"ಎಲ್ಲಿ ಬರ್ತೈತೆ. ವಾಸನಿ ಹಿಡೀಬೇಕು. ಒಂದು ಸಲ ಕಂಡ್ರೆ ಆಮ್ಯಾಲೆ ಬಿಡಂಗಿಲ್ಲ."

"ಈ ಲಸಿಕೆ ಅಂದ್ರೆ ಹಲ್ಲು ಕಿತ್ತ ತೋಳ. ಜೀವ ಇರೋದೇ, ಆದ್ರೆ ಕಚ್ಚಾಕೆ ಆಗಲ್ಲ. ಅದನ್ನ ಬೇಕಂತಲೇ ಮೈಯೊಳಗೆ ಬಿಡ್ತೀವಿ. ಅದು ಒಳಗೆ ನಾಲ್ಕು ದಿನ ಓಡಾಡಬೇಕು, ಮೈಯೊಳಗಿನ ನಾಯಿಗಳು ಅದರ ವಾಸನೆ ಹಿಡೀಬೇಕು. ನೀವು ಸಂಜೆ ಈ ಔಷಧಿ ಹಾಕಿ, ನಾಯಿ ಮೂಸಿ ನೋಡೋ ಮೊದಲೇ ಆ ತೋಳನ್ನ ಕೊಂದುಬಿಟ್ರಿ. ಈಗ ಹಲ್ಲಿರೋ ತೋಳ ಬಂದೈತೆ. ನಾಯಿಗಳಿಗೆ ಅದು ಯಾವುದು ಅಂತಲೇ ಗೊತ್ತಿಲ್ಲ."

ಆಂಟಿಬಯೋಟಿಕ್ ಕುರಿಯ ಶಕ್ತಿಯನ್ನು ಕುಂದಿಸಿತು ಅಂತಲ್ಲ. ಮೈ ಕಲಿಯಬೇಕಾದ ಪಾಠವನ್ನು ಕಲಿಯಲು ಬಿಡಲಿಲ್ಲ, ಅಷ್ಟೆ. ಅಕ್ಕ ಕೈಯಲ್ಲಿದ್ದ ಸೀಸೆಯನ್ನು ತಿರುಗಿಸಿ ನೋಡಿದರು.

"ಅಂದ್ರೆ ಜ್ವರ ಬರೋದು..."

"ನಾಯಿ ಬೊಗಳೋದು."

"ನಾನೇ ಕೊಂದೆ ಹಂಗಾರೆ" ಅಂದರು. ಆಮೇಲೆ ಮೆಲ್ಲಗೆ, "ಊರಾಗೆ ನಮಗೆ ಹೊಲ ಇಲ್ಲ ಡಾಕ್ಟ್ರಮ್ಮ. ನಮ್ಮ ಮನಿ ಅಂದ್ರೂ ಇವೇ, ಮಕ್ಕಳು ಅಂದ್ರೂ ಇವೇ. ಉಳಿಸ್ಕೊಡ್ರಿ" ಅಂದರು. ಉಳಿಸುತ್ತೇನೆ ಅನ್ನುವ ಧೈರ್ಯ ನನಗಿರಲಿಲ್ಲ.

ಸಾವು ಕಂಡ ಮೇಲೆ ಮತ್ತೆ ಟೆಟ್ರಾಸೈಕ್ಲಿನ್ ಹಾಕಿದ್ದೀರಾ ಅಂತ ಕೇಳಿದೆ. ಹೊಟ್ಟೆಯುಬ್ಬರ ಅಂದುಕೊಂಡಿದ್ದರಿಂದ ಹಾಕಿರಲಿಲ್ಲ. ಮೇಲಧಿಕಾರಿ ಫೋನಿನಲ್ಲಿ ಎರಡು ದಾರಿ ಹೇಳಿದರು. ಒಂದು, ಎಲ್ಲ ಕುರಿಗಳಿಗೂ ಈಗಲೇ ಪೆನಿಸಿಲಿನ್. ಸಾವು ನಿಲ್ಲುತ್ತದೆ. ಆದರೆ ಔಷಧಿ ಮೈಯಿಂದ ಇಳಿಯುವ ತನಕ ಲಸಿಕೆ ಹಾಕಿದರೂ ದಂಡ. ಔಷಧಿ ಇಳಿದ ಮೇಲೆ ಲಸಿಕೆ ಹಾಕಿ, ಅದು ಕೈಗೂಡಲು ಮತ್ತೆ ಎರಡು ವಾರ. ಅಷ್ಟು ದಿನ ಮಂದೆಗೆ ಒಳಗಿನಿಂದಲೂ ಕಾವಲಿಲ್ಲ, ಹೊರಗಿನಿಂದಲೂ ಇಲ್ಲ. ಎರಡನೆಯದು, ಜ್ವರವಿಲ್ಲದ ಕುರಿಗಳಿಗೆ ಇವತ್ತೇ ಲಸಿಕೆ, ಕಾವಲು ಅಷ್ಟು ಬೇಗ ಕೈಗೂಡುತ್ತದೆ. ಆದರೆ ರೋಗ ಆಗಲೇ ಒಳಹೊಕ್ಕಿದ್ದು ಮೇಲೆ ಕಾಣದ ಕುರಿ ಇದ್ದರೆ, ಅದು ಔಷಧಿಯಿಲ್ಲದೆ ಸಾಯುತ್ತದೆ.

"ಸ್ಥಳದಲ್ಲಿ ನೀವಿದ್ದೀರಿ. ನೋಡಿ ನಿರ್ಧಾರ ಮಾಡಿ" ಅಂದರು.

ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವ ಮಾತು ಇಲ್ಲಿ ನಡೆಯುವಂತಿರಲಿಲ್ಲ. ಒಂದಿಷ್ಟು ಕುರಿ ನನ್ನ ನಿರ್ಧಾರದಿಂದಲೇ ಸಾಯಬಹುದು ಅಂತ ತಿಳಿದೇ ನಾನು ಎರಡನೇ ದಾರಿ ಹಿಡಿದೆ. ಮೊದಲನೆಯದರಲ್ಲಿ ಇವತ್ತಿನ ಮಟ್ಟಿಗೆ ನನಗೆ ನೆಮ್ಮದಿಯಿತ್ತು, ಮಂದೆಗಿರಲಿಲ್ಲ. ಊರಾಚೆಯ ಗೋಮಾಳದ ದಿಬ್ಬದ ಮೇಲೆ ಎರಡು ಬಲೆ ಹಟ್ಟಿ ಹಾಕಿಸಿದೆ. ನಮ್ಮ ಆಸ್ಪತ್ರೆಯ ಪಶು ಪರೀಕ್ಷಕರು ಕುರಿ ಹಿಡಿಯುವುದು, ನಾನು ಥರ್ಮಾಮೀಟರ್ ಇಡುವುದು. ಮೈ ಸುಡುತ್ತಿದ್ದವು ಕೆಳಗಿನ ಹಟ್ಟಿಗೆ, ಅವಕ್ಕೆ ಪೆನಿಸಿಲಿನ್. ಉಳಿದವು ಮೇಲಿನ ಹಟ್ಟಿಗೆ, ಅವಕ್ಕೆ ಲಸಿಕೆ ಮಾತ್ರ. ಕಂದು ಸೀಸೆಯನ್ನು ಅಕ್ಕನೇ ತಂದು ನನ್ನ ಕೈಗೆ ಕೊಟ್ಟರು.

"ನಮಗೆ ಗುಳಿಗಿ ಕೊಟ್ರಿ, ಆ ಹಟ್ಟಿಗೆ ಸೂಜಿ ಕೊಟ್ರಿ. ಈ ಹಟ್ಟಿಗೆ ಬರೀ ಲಸಿಕಿ, ಔಷಧಿ ಇಲ್ಲ. ಇದ್ಯಾವ ನ್ಯಾಯ ಡಾಕ್ಟ್ರಮ್ಮ" ಅಂತ ಆಕೆಯ ಗಂಡ ಕೇಳಿದ. ನಾನು ಉತ್ತರ ಕೊಡುವ ಮೊದಲೇ ಅಕ್ಕ, "ಸುಮ್ಕಿರು" ಅಂದರು.

ಮರುದಿನ ಬೆಳಿಗ್ಗೆ ಹೋದಾಗ ಕೆಳಗಿನ ಹಟ್ಟಿಯಲ್ಲಿ ಎರಡು ಸತ್ತಿದ್ದವು. ಅದನ್ನು ನಿರೀಕ್ಷಿಸಿದ್ದೆ. ಆದರೆ ಮೇಲಿನ ಹಟ್ಟಿಯಲ್ಲೂ ಒಂದು ಸತ್ತಿತ್ತು. ಮೂಗಿನಲ್ಲಿ ಅದೇ ಕಪ್ಪು ರಕ್ತ. ಆ ಹಟ್ಟಿಯಲ್ಲಿ ಮುಕ್ಕಾಲುಪಾಲು ಕುರಿಗಳಿಗೆ ಜ್ವರವೂ ಏರಿತ್ತು. ಇದು ಲಸಿಕೆಯ ಜ್ವರವೋ, ರೋಗದ ಜ್ವರವೋ? ಥರ್ಮಾಮೀಟರಿಗೆ ಅದು ಗೊತ್ತಾಗುವುದಿಲ್ಲ. ಲಸಿಕೆಯದಾಗಿದ್ದರೆ ಪೆನಿಸಿಲಿನ್ ಕೊಟ್ಟು ಮತ್ತೆ ಅದೇ ತಪ್ಪು ಮಾಡಿದಂತೆ. ರೋಗದ್ದಾಗಿದ್ದರೆ ಕೊಡದೆ ಕೊಂದಂತೆ.

ಗೊತ್ತುಮಾಡಿಕೊಳ್ಳಲು ಇದ್ದದ್ದು ಒಂದೇ ದಾರಿ. ಲಸಿಕೆಯ ಜ್ವರದಲ್ಲಿ ಕುರಿ ಸೊರಗಿದರೂ ಮೇವು ಮುಟ್ಟುತ್ತದೆ, ಮೆಲುಕು ಹಾಕುತ್ತದೆ. ನೆರಡಿ ಬಂದದ್ದು ಮೆಲುಕು ಬಿಟ್ಟು, ಉಸಿರು ಎಳೆದು, ಕೆಲವೇ ಗಂಟೆಗಳಲ್ಲಿ ಉರುಳುತ್ತದೆ. "ಎಲ್ಲರೂ ಬಾಯಿ ನೋಡಿ. ಯಾವುದರ ಬಾಯಿ ಆಡುತ್ತಿಲ್ಲವೋ ಅದನ್ನು ತೋರಿಸಿ" ಅಂದೆ. ನಾಲ್ಕು ಜನ ಹಟ್ಟಿಯ ಸುತ್ತ ಕೂತು ಕುರಿಗಳ ದವಡೆ ಕಾಯತೊಡಗಿದೆವು. ಬಿಸಿಲೇರಿತು.

ಮೆಲುಕು ಬಿಟ್ಟದ್ದು ಮುಂದಾಳು ಟಗರು. ಕೊರಳಲ್ಲಿ ಗಂಟೆ ಕಟ್ಟಿದ್ದ, ಮಂದೆಯ ಮುಂದೆ ನಡೆಯುವ ಟಗರು. ತಾಯಿ ಸತ್ತಿದ್ದರಿಂದ ಅಕ್ಕನೇ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದು. ತಲೆ ಬಗ್ಗಿಸಿ, ಬಲಗಾಲು ಊರದೆ ಬಲೆಗೆ ಆನಿಕೊಂಡು ನಿಂತಿತ್ತು. ಜ್ವರ ನೂರಾ ಆರು ದಾಟಿತ್ತು. ನಾನು ಸಿರಿಂಜಿಗೆ ಪೆನಿಸಿಲಿನ್ ಎಳೆದುಕೊಂಡೆ. ಅಕ್ಕ ಟಗರಿನ ಕಿವಿ ಹಿಡಿದು ಕೂತು ನನ್ನನ್ನೇ ನೋಡುತ್ತಿದ್ದರು. ಹಾಕಿ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ.

"ಉಸಿರು ನೋಡಿ ಅಕ್ಕ. ಎಳೀತೈತಾ?"

"ಬಿಸಿ ಐತೆ. ಎಳೀವಲ್ದು."

ನಾನು ಅದರ ತೊಡೆ ಸಂದಿ ಮುಟ್ಟಿದೆ. ಲಸಿಕೆ ಚುಚ್ಚಿದ ಜಾಗ ಊದಿ ಗಟ್ಟಿಯಾಗಿತ್ತು. ಕಣ್ಣಿನ ರೆಪ್ಪೆ ಬಿಡಿಸಿದೆ, ಕೆಂಪಿತ್ತು, ಕಪ್ಪಿರಲಿಲ್ಲ. ಸಿರಿಂಜು ಹಿಡಿದುಕೊಂಡೇ ಪಕ್ಕದಲ್ಲಿ ಕುಕ್ಕರಿಸಿದೆ. ಸ್ವಲ್ಪ ಕಾಯೋಣ ಅಂದೆ. ಅಷ್ಟು ಹೇಳಲು ನನಗೆ ಎಷ್ಟು ಹೆದರಿಕೆಯಾಯಿತೆಂದು ಹೇಳಲಾರೆ. ಈ ಹೊತ್ತಲ್ಲಿ ಟಗರು ಉರುಳಿದರೆ ಆ ಹೆಂಗಸಿನ ಮುಖವನ್ನು ನಾನು ಮತ್ತೆ ನೋಡಲಾರೆ ಅನ್ನಿಸಿತ್ತು.

ನೆರಳು ನಮ್ಮ ಕಾಲಬುಡಕ್ಕೆ ಬಂತು. ಟಗರು ಒಮ್ಮೆ ಕೆಮ್ಮಿತು. ಕೊರಳಿನಲ್ಲಿ ಒಂದು ಉಂಡೆ ಮೇಲಕ್ಕೆ ಸರಿದದ್ದು ಕಂಡಿತು. ದವಡೆ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಮತ್ತೆ ಎಡಕ್ಕೆ ಹೋಯಿತು. ಗಂಟೆ ಸಣ್ಣಗೆ ಅಲುಗಿತು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ನಾನು ಸಿರಿಂಜಿನ ಔಷಧಿಯನ್ನು ಮಣ್ಣಿಗೆ ಬಿಟ್ಟೆ, ಆಮೇಲೆ ಸುಮ್ಮಸುಮ್ಮನೆ ಪರೀಕ್ಷಕರನ್ನು ಬೈದೆ. ಅವರು ನಕ್ಕು ಸುಮ್ಮನಾದರು.

ಮೇಲಿನ ಹಟ್ಟಿಯಲ್ಲಿ ಆಮೇಲೂ ಒಂದು ಕುರಿ ಹೋಯಿತು. ಅದಾದ ಮೇಲೆ ಸಾವು ನಿಂತಿತು. ನಿಂತಿದೆ ಅಂತ ನಂಬಲು ನನಗೆ ಬಹಳ ದಿನ ಬೇಕಾಯಿತು. ಗದ್ದೆಯ ಯಜಮಾನರು ಬೇಲಿಯ ಮಾತು ಮತ್ತೆ ಎತ್ತಲಿಲ್ಲ. ದಿನಾ ಟ್ರಾಕ್ಟರಿನಲ್ಲಿ ದಿಬ್ಬಕ್ಕೆ ಭತ್ತದ ಹುಲ್ಲು ಕಳಿಸಿದರು. ಕೆಳಗಿನ ಹಟ್ಟಿಯಲ್ಲಿ ಬದುಕುಳಿದ ಕುರಿಗಳಿಗೆ ಔಷಧಿ ಇಳಿಯುವ ತನಕ ಕಾದು ಕಡೆಗೆ ಲಸಿಕೆ ಹಾಕಿದೆ. ಅಕ್ಕನ ಹೆಬ್ಬೆರಳು ವಾಸಿಯಾಯಿತು. ಗುಳಿಗೆ ಮುಗಿದ ದಿನ ಗಂಡಹೆಂಡತಿ ಇಬ್ಬರೂ ಖಾಲಿ ಪಟ್ಟಿಗಳನ್ನು ತಂದು ನನಗೆ ತೋರಿಸಿದರು. ದಿಬ್ಬದ ಮೇಲೆ ಬೇರೆ ಇಟ್ಟಿದ್ದ ಅವಧಿ ಮುಗಿಸಿ ಮಂದೆ ಚನ್ನಗಿರಿ ದಾರಿ ಹಿಡಿದಾಗ ಅಕ್ಕ ಹೋಗಿ ಬರುತ್ತೇನೆ ಅಂದರು, ನಾನು ಟಗರಿನ ಬೆನ್ನು ತಟ್ಟಿದೆ.

ಮುಂದಿನ ವರ್ಷ ಅದೇ ಕಾಲಕ್ಕೆ ಬಂದರು. ಬಂದ ವಾರದಲ್ಲೇ ಲಸಿಕೆ ಹಾಕಿದೆ. ಔಷಧಿಯ ಗಂಟು ತೋರಿಸಿ ಅಂತ ನಾನು ಕೇಳಲಿಲ್ಲ, ಕೇಳಬೇಕು ಅನ್ನಿಸಿತ್ತು. ರಾತ್ರಿಯೆಲ್ಲ ಅದೇ ಹುಳ ತಲೆಯಲ್ಲಿ. ಮರುದಿನ ಏನೋ ನೆಪ ಮಾಡಿಕೊಂಡು ಆ ಕಡೆ ಹೊರಟೆ.

ರಸ್ತೆಯಲ್ಲೇ ಸಿಕ್ಕರು. ಹಿಂದೆ ಶಿವಮೊಗ್ಗದ ಬಸ್ಸೊಂದು ಹಾರ್ನು ಬಾರಿಸುತ್ತ ಆಮೆಯ ನಡಿಗೆಯಲ್ಲಿ ಬರುತ್ತಿತ್ತು. ಮುಂದೆ ಇಡೀ ಮಂದೆ ರಸ್ತೆ ತುಂಬ ಕುಂಟುತ್ತ ಬರುತ್ತಿತ್ತು. ಟಗರು ಎಲ್ಲಕ್ಕಿಂತ ಮುಂದೆ ಕುಂಟುತ್ತಿತ್ತು. ನನ್ನ ಜೀವ ತಣ್ಣಗಾಯಿತು. ಆದರೆ ಹಿಂದಿನಿಂದ ಬಂದ ಅಕ್ಕನ ಮುಖದಲ್ಲಿ ನೆಮ್ಮದಿ ಇರಲಿಲ್ಲ. ಒಂದು ಹೆಣ್ಣು ಕುರಿಯ ಕೊರಳು ಹಿಡಿದು ನನ್ನ ಜೀಪಿನ ಹತ್ತಿರವೇ ಎಳೆದು ತಂದರು.

"ಡಾಕ್ಟ್ರಮ್ಮ, ಎಲ್ಲಾ ಕುಂಟ್ತಾವೆ, ಇದೊಂದು ಯಾಕೋ ಕುಂಟವಲ್ದು. ನಂಗೆ ಹೆದ್ರಿಕಿ ಆಗೈತೆ. ಒಂಚೂರು ನೋಡ್ರಿ."

ಎಲ್ಲ ಕುರಿಯೂ ಕುಂಟಲೇಬೇಕೆಂದಿಲ್ಲ ಅಂತ ಹೇಳಬಹುದಿತ್ತು. ಹೇಳಲಿಲ್ಲ. ನನಗೂ ಹೆದರಿಕೆಯಾಗಿತ್ತು. ಇಳಿದು, ರಸ್ತೆಯ ಮೇಲೆ ಮಂಡಿಯೂರಿ ಅದರ ತೊಡೆ ಸಂದಿಗೆ ಬೆರಳಿಟ್ಟೆ. ಉಣ್ಣೆಯ ಸಂದಿನಲ್ಲಿ ಹುಡುಕಿದೆ. ಅಡಿಕೆ ಗಾತ್ರದ ಗಂಟೊಂದು ಬಿಸಿಯಾಗಿ ಬೆರಳಿಗೆ ಸಿಕ್ಕಿತು.

"ಐತಾ?" ಅಂದರು ಅಕ್ಕ.

"ಐತೆ" ಅಂದೆ.